ಅಂಗಳದಲ್ಲೊಂದು ದಿವಾನಖಾನೆ

ಹಳೆಯ ಫೋಟೋಗಳ ಸಂರಕ್ಷಣೆ ನನ್ನ ಕಸುಬು. 1840ರ ದಶಕದ ಬ್ರಿಟನ್ನಿನ ಮಕ್ಕಳ ಚಿತ್ರ ಕಂಡರೆ ನನ್ನ ಕಣ್ಣು ಮೊದಲು ಚೌಕಟ್ಟಿನ ಅಂಚಿಗೆ ಹೋಗುತ್ತದೆ. ನಡುವೆ ಕುರ್ಚಿ, ಪರದೆ, ಮೇಜಿನ ಮೇಲೆ ಪುಸ್ತಕ, ಎಲ್ಲವೂ ದಿವಾನಖಾನೆಯದೇ. ಅಂಚಿನಲ್ಲಿ ಮಾತ್ರ ಹುಲ್ಲೋ ಕಲ್ಲುಗೋಡೆಯೋ ಇಣುಕುವುದುಂಟು. ಸ್ಕ್ಯಾನ್ ಮಾಡುವವರು ಇದನ್ನೇ ಕತ್ತರಿಸಿ ಹಾಕಿದಾಗ ನನಗೆ ಸಿಟ್ಟು ಬರುತ್ತದೆ.

ದಿವಾನಖಾನೆಯ ಸಾಮಾನುಗಳನ್ನು ಅಂಗಳಕ್ಕೆ ಹೊರುವಂತೆ ಮಾಡಿದ್ದು ಬೆಳಕು; ಮನೆಯೊಳಗಿನ ಬೆಳಕು ಆಗಿನ ಕ್ಯಾಮೆರಾಗಳಿಗೆ ಸಾಲುತ್ತಿರಲಿಲ್ಲ. ಇಂಗ್ಲೆಂಡಿನ ತನ್ನ ಮನೆ ಲೇಕಾಕ್ ಅಬ್ಬೆಯಲ್ಲಿ ಫೋಟೋಗ್ರಫಿಯ ಆದ್ಯರಲ್ಲೊಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1840ರ ಅಕ್ಟೋಬರ್ 10ರಂದು ಹೆಂಡತಿಯ ಚಿತ್ರ ತೆಗೆದಾಗ ಆಕೆ ಮೂರು ನಿಮಿಷ ಅಲುಗದೆ ಕೂರಬೇಕಾಯಿತು. ಅವನೇ ಕಂಡುಹಿಡಿದ, ಕಾಗದದ ಮೇಲೆ ನೆಗೆಟಿವ್ ಮೂಡಿಸುವ ಕ್ಯಾಲೊಟೈಪ್ ವಿಧಾನದ ಆರಂಭದ ದಿನಗಳವು. ದೊಡ್ಡವರು ಕುಳಿತಾರು, ಮಗು ಕೂರುವುದುಂಟೆ? ಆದರೂ 1842ರಲ್ಲಿ ಅವನು ಮೂರರಿಂದ ಏಳರ ಆಸುಪಾಸಿನ ತನ್ನ ಮೂವರು ಹೆಣ್ಣುಮಕ್ಕಳನ್ನೂ ಕ್ಯಾಮೆರಾದ ಮುಂದೆ ನಿಲ್ಲಿಸಿದ.

ನಿಜವಾದ ಜಾಣತನ ಕಾಣುವುದು ಎಡಿನ್‌ಬರೊದಲ್ಲಿ. 1843ರಲ್ಲಿ ಜೊತೆಗೂಡಿದ ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ಫೋಟೋಗ್ರಾಫರ್ ರಾಬರ್ಟ್ ಆಡಮ್ಸನ್, ತಮ್ಮ ಸ್ಟುಡಿಯೋ ಆಗಿದ್ದ ಕಾಲ್ಟನ್ ಗುಡ್ಡದ ರಾಕ್ ಹೌಸ್‌ನ ಬಯಲಿನಲ್ಲೇ ಪರದೆ ಇಳಿಬಿಟ್ಟು ಒಳಮನೆ ಕಟ್ಟುತ್ತಿದ್ದರು. ಅವರ ಮಕ್ಕಳು ಒಬ್ಬರಿಗೊಬ್ಬರು ಒರಗಿರುತ್ತಾರೆ, ಕೆಲವರು ನಿದ್ದೆಹೋದಂತಿರುತ್ತಾರೆ. ಇದನ್ನು ಆ ಕಾಲದ ಭಾವುಕತೆ ಎಂದು ಬರೆಯುವವರಿದ್ದಾರೆ. ನನಗೆ ಅದರಲ್ಲಿ ಕಸುಬಿನ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ. ಆಸರೆ ಸಿಕ್ಕ ತಲೆ ಅಲುಗುವುದು ಕಡಿಮೆ. ಮುಚ್ಚಿದ ಕಣ್ಣು ಮಿಟುಕುವುದೇ ಇಲ್ಲ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ನಿಮಿಷಗಳನ್ನು ಸೆಕೆಂಡುಗಳಿಗೆ ಇಳಿಸಿತು. ಗಾಜಿಗೆ ಲೇಪಿಸಿದ ದ್ರಾವಣ ಒಣಗುವ ಮೊದಲೇ ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಹಾಗಾಗಿ ಕತ್ತಲೆಕೋಣೆಯೂ ತೋಟದ ಪಕ್ಕಕ್ಕೇ ಬಂತು.

ಕ್ಯಾಲೊಟೈಪ್, ಕೊಲೋಡಿಯನ್ ಎರಡಕ್ಕೂ ಒಂದು ಕುರುಡಿತ್ತು: ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಚಿತ್ರದಲ್ಲಿ ನೀಲಿ ಕಣ್ಣಿನ ಮಗು ಬಿಳಿಗಣ್ಣಿನದಾಗುತ್ತಿತ್ತು, ಬಿಸಿಲಿಗೆ ಮೂಡಿದ ಕೆನ್ನೆಯ ಕೆಂಗಂದು ಚುಕ್ಕೆಗಳು ಕಪ್ಪಾಗುತ್ತಿದ್ದವು. ಮುಂದೆ ಬಂದ, ಲೇಪ ಒಣಗಿದ ಮೇಲೂ ಬಳಸಬಹುದಾದ ಗಾಜಿನ ಒಣ ಪ್ಲೇಟುಗಳಲ್ಲೂ ಕೆಂಪಿನ ಸಮಸ್ಯೆ ಬಹುಕಾಲ ಉಳಿಯಿತು. ನಮ್ಮ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ಹುಡುಗಿಯರ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಾಣುವುದಕ್ಕೆ ಇದೂ ಕಾರಣವಿರಬಹುದು. ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ತುಂಬುವ ತಂತ್ರಾಂಶಕ್ಕೆ ಈ ಇತಿಹಾಸ ಎಲ್ಲಿಂದ ತಿಳಿಯಬೇಕು? ಮೊಮ್ಮಗುವನ್ನು ಎತ್ತಿಕೊಂಡ ಮುತ್ತಜ್ಜಿಯ ಸೀರೆ ಬಿಳಿಯಾಗಿದೆ, ಆಗಲೇ ವಿಧವೆಯಾಗಿದ್ದಿರಬೇಕು ಎಂದು ಬರೆದಿಡುವ ಮೊದಲು, ಅದು ತಿಳಿನೀಲಿಯೂ ಇದ್ದಿರಬಹುದೇ ಎಂದು ಮನೆಯ ಹಿರಿಯರನ್ನು ಕೇಳಿ.