ನಿಪ್ಪುರದ ಮಕ್ಕಳು ದೇವಸ್ಥಾನದಲ್ಲಿ ಓದುತ್ತಿದ್ದರೇ?

ಪ್ರಶ್ನೆ: ಸುಮೇರಿಯನ್ನರ ನಿಪ್ಪುರ ದೇವಾಲಯದ ಊರು ಎಂದು ಓದಿದ್ದೇನೆ. ಹಾಗಾದರೆ ಅಲ್ಲಿನ ಶಾಲೆಯೂ ದೇವಸ್ಥಾನದೊಳಗೇ ಇತ್ತೇ?

ದೇವಾಲಯದ ಊರು ಎಂಬುದೇನೋ ನಿಜ. ಇಂದಿನ ದಕ್ಷಿಣ ಇರಾಕಿನಲ್ಲಿರುವ ನಿಪ್ಪುರ ಯಾವ ರಾಜವಂಶಕ್ಕೂ ರಾಜಧಾನಿಯಾಗಿರಲಿಲ್ಲ. ಆದರೆ ಅಲ್ಲಿನ ಎಕೂರ್ ಗುಡಿಯ ಎನ್ಲಿಲ್ ದೇವರ ಒಪ್ಪಿಗೆಯಿಲ್ಲದೆ ಸುಮೇರಿನ ದೊರೆಗಳಿಗೆ ಮಾನ್ಯತೆ ಇರಲಿಲ್ಲ. ಶಾಲೆಯ ಮಾತು ಬೇರೆ. ನಮಗೆ ಚೆನ್ನಾಗಿ ತಿಳಿದಿರುವ ಶಾಲೆ ನಡೆದದ್ದು ಒಂದು ಪುಟ್ಟ ಮನೆಯಲ್ಲಿ.

ಗೊಂದಲಕ್ಕೆ ಕಾರಣವಿದೆ. 1889ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅಗೆಯಲು ತೊಡಗಿದಾಗ ಒಂದು ದಿಬ್ಬದಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಹಿಲ್‌ಪ್ರೆಕ್ಟ್ ಎಂಬ ವಿದ್ವಾಂಸ ಅದನ್ನು ‘ದೇವಾಲಯದ ಗ್ರಂಥಾಲಯ’ ಎಂದು ಸಾರಿದ. ಸಹೋದ್ಯೋಗಿಗಳೇ ಒಪ್ಪದೆ ದೊಡ್ಡ ರಂಪವಾಯಿತು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಅದೇ ದಿಬ್ಬದಲ್ಲಿ 1951–52ರಲ್ಲಿ ಬಯಲಾದದ್ದು ಆ ಪುಟ್ಟ ಶಾಲೆಮನೆ. ಅಗೆದವರು ಅದಕ್ಕಿಟ್ಟ ಹೆಸರು ‘ಎಫ್ ಮನೆ’. ಕ್ರಿಸ್ತಪೂರ್ವ 1740ರ ಆಸುಪಾಸಿನದು. ಅಲ್ಲಿ ಸಿಕ್ಕ ಸುಮಾರು 1,400 ಫಲಕಗಳ ಚೂರುಗಳಲ್ಲಿ ಹೆಚ್ಚಿನವು ಮಕ್ಕಳ ಅಭ್ಯಾಸದವು. ಹಳೆಯ ಫಲಕಗಳನ್ನು ನೆನೆಸಿ ಮತ್ತೆ ಜೇಡಿಮಣ್ಣಾಗಿಸಲು ತೊಟ್ಟಿಯೂ ಇತ್ತು. ಮುಂದೆ ಮನೆ ದುರಸ್ತಿ ಮಾಡಿದವರು ಉಳಿದ ಫಲಕಗಳನ್ನು ಗೋಡೆಗೂ ನೆಲಕ್ಕೂ ತುಂಬಿಬಿಟ್ಟರು. ನಮಗೆ ಇವು ಉಳಿದದ್ದು ಯಾರೂ ಜೋಪಾನ ಮಾಡಿದ್ದರಿಂದಲ್ಲ.

ಒಂದು ಬಗೆಯ ಫಲಕವನ್ನು ಹತ್ತಿರದಿಂದ ನೋಡಬೇಕು. ಮುಂಬದಿಯ ಎಡಗಡೆ ಗುರುವಿನ ನೀಟಾದ ಮೇಲ್ಪಂಕ್ತಿ, ಬಲಗಡೆ ಶಿಷ್ಯನ ನಕಲು. ಬರೆದು, ಅಳಿಸಿ, ಮತ್ತೆ ಬರೆದು ಆ ಬಲಭಾಗ ಸವೆದು ತೆಳ್ಳಗಾಗಿರುತ್ತದೆ. ಹಿಂಬದಿಯಲ್ಲಿ ಹುಡುಗ ಮೊದಲೇ ಕಲಿತಿದ್ದ ಪಾಠದ ಉದ್ದನೆಯ ಭಾಗ. ಮುಂಬದಿಯದು ಹೊಸ ಪಾಠ, ಹಿಂಬದಿಯದು ಹಳೆಯದು. ಇಂಥ ನೂರಾರು ಫಲಕಗಳನ್ನು ತಾಳೆ ನೋಡಿಯೇ ವಿದ್ವಾಂಸ ನೀಕ್ ವೆಲ್ಡ್‌ಹೌಸ್ ಅಲ್ಲಿನ ಪಠ್ಯಕ್ರಮವನ್ನು ಮರುಜೋಡಿಸಿದರು. ಮೊದಲು ಹಸಿ ಮಣ್ಣಿನ ಮೇಲೆ ಅವರ ಲಿಪಿಯ ಬೆಣೆಯಾಕಾರದ ಗೆರೆ ಒತ್ತುವುದು. ಆಮೇಲೆ ‘ತು ತ ತಿ, ನು ನ ನಿ, ಬು ಬ ಬಿ’, ಥೇಟ್ ನಮ್ಮ ಕಾಗುಣಿತ. ಬಳಿಕ ವ್ಯಕ್ತಿಗಳ ಹೆಸರುಗಳು, ಮರಗಳ ಮತ್ತು ಮರದ ಸಾಮಾನುಗಳ ಪಟ್ಟಿ, ಹತ್ತರ ಬದಲು ಅರವತ್ತನ್ನು ಆಧಾರವಾಗಿಟ್ಟ ಲೆಕ್ಕದ ಮಗ್ಗಿ, ಕರಾರುಪತ್ರದ ಮಾದರಿ, ಗಾದೆ. ಕೊನೆಗೆ ಸ್ತೋತ್ರ, ಕಾವ್ಯ.

ಇಷ್ಟೆಲ್ಲ ಕಲಿತದ್ದು ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ. ಆ ಹೊತ್ತಿಗೆ ಮನೆಮಾತು ಅಕ್ಕಾಡಿಯನ್ ಆಗಿತ್ತು. ಸುಮೇರಿಯನ್ ಓದಿನ, ಪೂಜೆಯ ಭಾಷೆಯಾಗಿ ಉಳಿದಿತ್ತು. ‘ಸುಮೇರಿಯನ್ ಬಾರದವನು ಎಂಥ ಲಿಪಿಕಾರ?’ ಎಂದು ಗಾದೆಯೇ ಇತ್ತು.

ಮಕ್ಕಳು ನಕಲು ಮಾಡುತ್ತಿದ್ದ ಒಂದು ಕಥೆಯಲ್ಲಿ ಹುಡುಗನೊಬ್ಬ ಮಾತಾಡಿದ್ದಕ್ಕೆ, ಎದ್ದು ನಿಂತದ್ದಕ್ಕೆ, ಅಕ್ಷರ ಕೆಟ್ಟದ್ದಕ್ಕೆ ಏಟು ತಿನ್ನುತ್ತಾನೆ. ಅಪ್ಪ ಮೇಷ್ಟರನ್ನು ಮನೆಗೆ ಕರೆದು ಊಟ ಹಾಕಿ, ಬಟ್ಟೆ, ಉಂಗುರ ಕೊಡುತ್ತಾನೆ. ಮೇಷ್ಟರು ಹುಡುಗನನ್ನು ಬಾಯಿತುಂಬ ಹೊಗಳುತ್ತಾರೆ. ಈ ಪಾಠವನ್ನು ಮಕ್ಕಳ ಕೈಗೆ ಕೊಟ್ಟವರೂ ಮೇಷ್ಟರೇ ಎಂಬುದನ್ನು ಮರೆಯದೆ ಓದಿ.