ಪಾಯಿಂಟ್ ಕೊಟ್ಟವರ ಮುಂದೆ ಊಟದ ತಟ್ಟೆ ಇರಲಿಲ್ಲ

ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಆ ಹಿರಿಯರು ಬಂದು ನಿಂತಿದ್ದರು. ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಅರ್ಧ ಖಾಲಿಯಾದ ಬಾಟಲಿ. ಮಂಡ್ಯ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಗ ರಜೆಗೆ ಬಂದಿದ್ದಾನೆಂದು ಶನಿವಾರ ನಮ್ಮಲ್ಲೇ ಕ್ಯಾಲಿಫೋರ್ನಿಯಾದ ಕ್ಯಾಬರ್ನೆ ಎಂಬ ಕೆಂಪು ವೈನ್ ಕೊಂಡಿದ್ದರು.

"ಏನಮ್ಮಾ ಇದು? ತೊಂಬತ್ನಾಲ್ಕು ಪಾಯಿಂಟು ಅಂತ ನೋಡೇ ತಗೊಂಡಿದ್ದು. ಬಾಯೆಲ್ಲ ಉರಿದುಹೋಯ್ತು. ಕೆಟ್ಟಿರೋ ಬಾಟ್ಲಿ ಕೊಟ್ರೇನು?"

ಒಂದು ಗುಟುಕು ಕುಡಿದು ನೋಡಿದೆ. ವೈನಿಗೆ ಏನೂ ಆಗಿರಲಿಲ್ಲ. ಚೆನ್ನಾಗಿ ಮಾಗಿದ ಹಣ್ಣಿನ ರುಚಿ, ಓಕ್ ಮರದ ಪೀಪಾಯಿಯ ಘಮ, ಎಳೆ ಬಾಳೆಕಾಯಿ ಕಚ್ಚಿದಂಥ ಒಗರು. ಲೇಬಲ್ ಮೇಲೆ ಆಲ್ಕೋಹಾಲ್ ಶೇ 15 ಎಂದಿತ್ತು.

"ನಿನ್ನೆ ಊಟಕ್ಕೆ ಏನಿತ್ತು ಸರ್?"

"ಇನ್ನೇನಿರುತ್ತೆ, ನಾಟಿ ಕೋಳಿ ಸಾರು, ಮುದ್ದೆ."

ಅಂಗಡಿ, ಹೋಟೆಲುಗಳಿಗೆ ವೈನ್ ಆಯ್ದುಕೊಡುವುದು ನನ್ನ ಉದ್ಯೋಗ. ಇಷ್ಟು ವರ್ಷಗಳಲ್ಲಿ ನನ್ನನ್ನು ಅತಿ ಹೆಚ್ಚು ದಣಿಸಿದ್ದು ಇದೊಂದೇ. ಜನ ರ‍್ಯಾಕಿನ ಮುಂದೆ ನಿಂತು ವೈನ್ ವಿಮರ್ಶಕರು ನೂರಕ್ಕೆ ಎಷ್ಟು ಪಾಯಿಂಟ್ ಕೊಟ್ಟಿದ್ದಾರೆಂದು ಮೊಬೈಲಿನಲ್ಲಿ ನಂಬರ್ ಹುಡುಕುತ್ತಾರೆ. 91 ಇದ್ದರೆ ಕೊಳ್ಳುತ್ತಾರೆ, 88 ಇದ್ದರೆ ವಾಪಸ್ ಇಡುತ್ತಾರೆ. ಮನೆಯಲ್ಲಿ ಏನು ಅಡುಗೆ ಎಂದು ನಾನು ಕೇಳಿದರೆ, ಇವಳಿಗೇಕೆ ಆ ವಿಚಾರ ಎನ್ನುವಂತೆ ನೋಡುತ್ತಾರೆ.

ಆ ನಂಬರ್ ಹುಟ್ಟುವ ಜಾಗವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಸಾಮಾನ್ಯವಾಗಿ ಬೆಳಗಿನ ಹೊತ್ತು, ತಂಪಾದ ಕೋಣೆ, ಮೇಜಿನ ಮೇಲೆ ಸಾಲು ಸಾಲು ಗ್ಲಾಸು. ವಿಮರ್ಶಕರು ಮೂಸುತ್ತಾರೆ, ಒಂದು ಗುಟುಕು ಬಾಯಲ್ಲಿ ಆಡಿಸುತ್ತಾರೆ, ಬಕೆಟ್ಟಿಗೆ ಉಗಿಯುತ್ತಾರೆ, ಎರಡು ಸಾಲು ಬರೆದು ಮುಂದಿನ ಗ್ಲಾಸಿಗೆ ಹೋಗುತ್ತಾರೆ. ನಡುವೆ ನೀರು, ಬೇಕಾದರೆ ಸಪ್ಪೆ ಬ್ರೆಡ್ಡಿನ ಚೂರು. ಹುಣಸೆಹಣ್ಣಿಲ್ಲ, ಬ್ಯಾಡಗಿ ಮೆಣಸಿನಕಾಯಿಯಿಲ್ಲ, ಒಗ್ಗರಣೆಯಿಲ್ಲ. ನಲವತ್ತು, ಐವತ್ತು ವೈನ್ ದಾಟುವಷ್ಟರಲ್ಲಿ ನಾಲಿಗೆ ಸೋತಿರುತ್ತದೆ. ಆಗ ಎದ್ದು ಕಾಣುವುದು ದೊಡ್ಡ ದನಿಯ ವೈನ್: ಹಣ್ಣಿನ ಸಿಹಿ, ಓಕ್, ಆಲ್ಕೋಹಾಲ್ ಎಲ್ಲವೂ ಜೋರಾಗಿರುವಂಥದ್ದು. ಮೆಲುದನಿಯ ಒಳ್ಳೆಯ ವೈನ್ ಎಷ್ಟೋ ಸಲ 87, 88ರಲ್ಲೇ ನಿಂತುಬಿಡುತ್ತದೆ.

ಆ ದೊಡ್ಡ ದನಿಯ ವೈನನ್ನು ಕೋಳಿ ಸಾರಿನ ಪಕ್ಕ ಇಟ್ಟು ನೋಡಿ. ಖಾರವೆಂಬುದು ನಿಜವಾಗಿ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರದ ತುದಿಗಳನ್ನೇ ಮೆಣಸಿನಕಾಯಿ ಕೆಣಕುತ್ತದೆ, ಆಲ್ಕೋಹಾಲ್ ಆ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಕೆಂಪು ವೈನಿನ ಒಗರಿಗೆ ಕಾರಣವಾದ ಟ್ಯಾನಿನ್, ಬಾಯ ಜೊಲ್ಲಿನ ಜಾರುವ ಗುಣವನ್ನೇ ತೆಗೆದು ನಾಲಿಗೆಯನ್ನು ಒಣಗಿಸುತ್ತದೆ. ಒಣಗಿದ ನಾಲಿಗೆಯ ಮೇಲೆ ಖಾರ, ಅದರ ಮೇಲೆ ಶೇ 15ರ ಆಲ್ಕೋಹಾಲ್! ನಮ್ಮ ಹಿರಿಯರ ಬಾಯಿ ಉರಿಯದೆ ಇನ್ನೇನಾಗಬೇಕಿತ್ತು? 94 ಕೊಟ್ಟವರು ಸುಳ್ಳು ಹೇಳಿರಲಿಲ್ಲ. ಅವರು ರುಚಿ ನೋಡಿದಾಗ ಮೇಜಿನ ಮೇಲೆ ಸಾರಿನ ಬಟ್ಟಲು ಇರಲಿಲ್ಲ, ಅಷ್ಟೆ.

ಈ ನೂರರ ಲೆಕ್ಕವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಮೇರಿಲ್ಯಾಂಡಿನ ವಕೀಲ ರಾಬರ್ಟ್ ಪಾರ್ಕರ್. 1978ರಲ್ಲಿ 'ವೈನ್ ಅಡ್ವೊಕೇಟ್' ಪತ್ರಿಕೆ ಶುರು ಮಾಡಿದಾಗ ಅವರ ಉದ್ದೇಶ ಒಳ್ಳೆಯದೇ ಇತ್ತು. ವ್ಯಾಪಾರಿಗಳ ಜಾಹೀರಾತು ಬೇಡ, ಕೊಳ್ಳುವ ಗ್ರಾಹಕನ ಪರ ನಿಲ್ಲಬೇಕು ಎಂದು ಹೊರಟವರು. ನನಗೆ ಅವರ ಮೇಲೆ ಗೌರವವಿದೆ. ಶಾಲೆಯ ಮಾರ್ಕ್ಸಿನಂತೆ ಎಲ್ಲರಿಗೂ ಅರ್ಥವಾಗುವ ಲೆಕ್ಕ ಅದು, ಆದರೆ ಶುರುವಾಗುವುದೇ 50ರಿಂದ. ಫ್ರಾನ್ಸಿನ ಬೋರ್ಡೋ ಪ್ರದೇಶದ 1982ರ ವೈನುಗಳನ್ನು ಹಾಡಿ ಹೊಗಳಿದ ಮೇಲೆ ಅವರ ಮಾತಿಗೆ ಎಂಥ ತೂಕ ಬಂತೆಂದರೆ, ಅವರ ನಾಲಿಗೆಗೆ ಹಿಡಿಸುವಂತೆ ವೈನ್ ಮಾಡುವವರೇ ಹುಟ್ಟಿಕೊಂಡರು.

ದೊಡ್ಡ ನಾಲಿಗೆಗಳೂ ಒಂದೇ ಮಾತು ಆಡುವುದಿಲ್ಲ. ಯುರೋಪ್ ಬಿಸಿಗಾಳಿಗೆ ಬೆಂದ 2003ರ ಶಾಟೋ ಪಾವಿ ಎಂಬ ಬೋರ್ಡೋ ವೈನನ್ನು ಪಾರ್ಕರ್ ಆಕಾಶಕ್ಕೇರಿಸಿದರು. ಬ್ರಿಟನ್ನಿನ ವೈನ್ ವಿಮರ್ಶಕಿ ಜ್ಯಾನ್ಸಿಸ್ ರಾಬಿನ್ಸನ್ ಅದಕ್ಕೇ 20ಕ್ಕೆ 12 ಕೊಟ್ಟರು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಬಲ್ಲವರು. ಕ್ಯಾಲಿಫೋರ್ನಿಯಾದಲ್ಲಿ ಸ್ವತಃ ವೈನ್ ಮಾಡುತ್ತಿದ್ದ, ಸಂಖ್ಯಾಶಾಸ್ತ್ರ ಬಲ್ಲ ರಾಬರ್ಟ್ ಹಾಡ್ಗ್‌ಸನ್ ಇನ್ನೂ ಮುಂದೆ ಹೋದರು. ಅಲ್ಲಿನ ಸ್ಟೇಟ್ ಫೇರ್ ಸ್ಪರ್ಧೆಯ ತೀರ್ಪುಗಾರರಿಗೆ ಹೇಳದೆಯೇ, ಒಂದೇ ಬಾಟಲಿಯ ವೈನನ್ನು ಮೂರು ಗ್ಲಾಸಿನಲ್ಲಿ ಕೊಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಬ್ಬರೇ ತೀರ್ಪುಗಾರರು ಅದೇ ವೈನಿಗೆ ಕೊಟ್ಟ ಅಂಕ ನಾಲ್ಕರಷ್ಟು ಆಚೀಚೆ ಹೋಗುವುದು ಮಾಮೂಲಾಗಿತ್ತು. ಸ್ಥಿರವಾಗಿ ಅಂಕ ಕೊಟ್ಟವರು ಹತ್ತಕ್ಕೆ ಒಬ್ಬರಷ್ಟು ಮಾತ್ರ. ಹಾಗಿರುವಾಗ 89 ಬೇಡ, 90 ಕೊಡಿ ಎಂದು ನನ್ನೊಡನೆ ವಾದಕ್ಕೆ ನಿಲ್ಲುವವರಿಗೆ ಏನು ಹೇಳಲಿ?

ರೇಟಿಂಗ್ ನೋಡಲೇಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ನೋಡುತ್ತೇನೆ. ನಿಮ್ಮ ನಾಲಿಗೆಗೆ ಹೊಂದುವ ಒಬ್ಬ ವಿಮರ್ಶಕರು ಸಿಕ್ಕರೆ ಬಿಡಬೇಡಿ, ಅವರು ಕೊಟ್ಟ ನಂಬರಿಗಿಂತ ಬರೆದ ಎರಡು ಸಾಲನ್ನು ಗಮನಿಸಿ ಓದಿ. ರ‍್ಯಾಕಿಗೆ ಅಂಟಿಸಿದ ಚೀಟಿ ಯಾವ ವರ್ಷದ ವೈನಿನದು, ಕೈಯಲ್ಲಿರುವ ಬಾಟಲಿ ಯಾವ ವರ್ಷದ್ದು ಎಂದು ತಾಳೆ ನೋಡಿ. ನಾನು ಹೇಳುವ ಜೋಡಿಯೂ ಎಲ್ಲ ಮನೆಗೂ ಒಪ್ಪುತ್ತದೆಂದು ಭರವಸೆ ಕೊಡಲಾರೆ, ಒಂದು ಮನೆಯ ಸಾರಿನಂತೆ ಇನ್ನೊಂದು ಮನೆಯದು ಇರುವುದಿಲ್ಲ. ಕುಡಿಯುವ ಅಭ್ಯಾಸವೇ ಇಲ್ಲದವರು ಇದನ್ನು ಓದಿ ಶುರು ಮಾಡಬೇಕಾಗಿಯೂ ಇಲ್ಲ.

ಆ ಹಿರಿಯರು ಕೋಪ ಇಳಿದ ಮೇಲೆ, "ಹಾಗಾದ್ರೆ ಮುಂದಿನ ಭಾನುವಾರ ನೀವೇ ಮನೆಗೆ ಬನ್ನಿ" ಎಂದರು. ಹೋದೆ. ಜೊತೆಗೆ ನಮ್ಮ ದೇಶದ್ದೇ ಶೆನಿನ್ ಬ್ಲಾಂಕ್ ಒಯ್ದಿದ್ದೆ. ಬಿಳಿ ವೈನ್, ತುಸು ಸಿಹಿ, ಆಲ್ಕೋಹಾಲ್ ಶೇ 12, ಬೆಲೆ ಅವರ ಕ್ಯಾಬರ್ನೆಯ ಕಾಲು ಭಾಗವೂ ಇಲ್ಲ. ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣಿಸಿದೆವು. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು, ಹಣೆಯ ಬೆವರು ಒರೆಸಿಕೊಂಡರು, ಒಂದು ಗುಟುಕು ಕುಡಿದರು. ಆ ಚೂರು ಸಿಹಿ ಖಾರದ ಮೊನೆ ಮುರಿದಿದ್ದು ಅವರ ಮುಖದಲ್ಲೇ ಕಂಡಿತು. ಮಾತಾಡಲಿಲ್ಲ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಅಡುಗೆ ಮಾಡಿದ ಆಂಟಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಕ್ಯಾಬರ್ನೆಯನ್ನೂ ದೂರುವುದು ಬೇಡ. ಉಪ್ಪು, ತುಸು ಕಾಳುಮೆಣಸು ಮಾತ್ರ ಸವರಿ ಕೆಂಡದ ಮೇಲೆ ಸುಟ್ಟ ಕೊಬ್ಬಿನ ಕುರಿ ಚಾಪ್ಸ್ ಜೊತೆ ಅದನ್ನು ಕುಡಿಯಿರಿ, ಒಗರು ಕೊಬ್ಬಿನೊಡನೆ ಸೇರಿ ಹಿತವಾಗಿರುತ್ತದೆ.

ಮೊನ್ನೆ ಶನಿವಾರ ಅವರ ಫೋನ್ ಬಂತು. "ನಾಳೆ ಮೀನು ಸಾರಮ್ಮಾ, ಹುಣಸೆಹುಳಿ ಸ್ವಲ್ಪ ಮುಂದಾಗೇ ಇರುತ್ತೆ. ಏನು ತಗೊಳ್ಲಿ?" ಹುಳಿಯ ಊಟದ ಮುಂದೆ ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗುತ್ತದೆ. ಸೋವಿನ್ಯೋಂ ಬ್ಲಾಂಕ್ ತಗೊಳ್ಳಿ ಸರ್, ಹುಳಿ ಮುಂದಾಗಿರುವ ಬಿಳಿ ವೈನ್, ಊಟಕ್ಕೆ ಎರಡು ಗಂಟೆ ಮುಂಚೆಯೇ ಫ್ರಿಜ್ಜಿನಲ್ಲಿಡಿ ಎಂದೆ.