ಶೇ 15 ಯಾವುದರ ಮೇಲೆ? ಸಚಿವರ ಆಯ್ಕೆ ಕುರಿತು ನನ್ನ ಟಿಪ್ಪಣಿ

ಕಳೆದ ಭಾನುವಾರ ಮೈಸೂರಿನಲ್ಲಿ ಬರೆದ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು. ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ ಹೆಚ್ಚೆಂದರೆ ಎಷ್ಟು ಮಂದಿ ಸಚಿವರಿರಬಹುದು? ಪಕ್ಕದವರೆಲ್ಲ ಪೆನ್ನು ಕಚ್ಚುತ್ತಿದ್ದಾಗ ನಾನು ಠೀವಿಯಿಂದ 44ಕ್ಕೆ ಗುರುತು ಹಾಕಿ ಮುಂದಿನ ಪುಟ ತಿರುಗಿಸಿದೆ. ಸರಿ ಉತ್ತರ 34. ಅಂಕವೂ ಹೋಯಿತು, ತಪ್ಪು ಉತ್ತರಕ್ಕೆ ಕಾಲು ಅಂಕದ ದಂಡವೂ ಬಿತ್ತು. ಮಂಡ್ಯಕ್ಕೆ ಮರಳುವ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಆ 44 ಎಲ್ಲಿಂದ ಬಂತು ಎಂದು ಲೆಕ್ಕ ಹಾಕುತ್ತಲೇ ಇದ್ದೆ. ಸಿಕ್ಕಿದ್ದನ್ನು ಮರೆಯುವ ಮೊದಲು ಇಲ್ಲಿ ಬರೆದಿಡುತ್ತಿದ್ದೇನೆ.

ಯಾರು ಆರಿಸುತ್ತಾರೆ

ಇದು ಎಲ್ಲರಿಗೂ ಗೊತ್ತಿರುವುದೇ. ಸಂವಿಧಾನದ 75ನೇ ವಿಧಿಯ ಪ್ರಕಾರ ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಉಳಿದ ಸಚಿವರನ್ನೂ ಅವರೇ ನೇಮಿಸುತ್ತಾರೆ, ಆದರೆ ಪ್ರಧಾನಿಯ ಸಲಹೆಯಂತೆ. ರಾಜ್ಯದಲ್ಲಿ ಇದೇ ಮಾತು 164ನೇ ವಿಧಿಯಲ್ಲಿದೆ. ರಾಷ್ಟ್ರಪತಿಯ ಜಾಗದಲ್ಲಿ ರಾಜ್ಯಪಾಲರು, ಪ್ರಧಾನಿಯ ಜಾಗದಲ್ಲಿ ಮುಖ್ಯಮಂತ್ರಿ.

ಇದನ್ನು ನೆನಪಿಡಲು ನನಗೆ ನಮ್ಮ ಗದ್ದೆಯೇ ಸಾಕು. ಕಬ್ಬು ಕಡಿಯಲು ಆಳುಗಳ ತಂಡ ಬಂದಾಗ ಅಪ್ಪ ಮಾತನಾಡುವುದು ಮೇಸ್ತ್ರಿಯ ಜೊತೆ ಮಾತ್ರ. ಯಾರು ಕಡಿಯಬೇಕು, ಯಾರು ಸೋಗೆ ಸವರಬೇಕು, ಯಾರು ಲಾರಿಗೆ ಹೊರಬೇಕು ಎಂಬುದೆಲ್ಲ ಮೇಸ್ತ್ರಿಗೆ ಬಿಟ್ಟದ್ದು. ದುಡ್ಡು ಎಣಿಸುವವರು ಅಪ್ಪನಾದರೂ ತಮಗೆ ಬೇಕಾದವನೊಬ್ಬನನ್ನು ತಂಡದೊಳಗೆ ತೂರಿಸುವಂತಿಲ್ಲ. ಮೇಸ್ತ್ರಿ ಮುನಿಸಿಕೊಂಡು ಹೊರಟರೆ ತಂಡವೂ ಅವನ ಹಿಂದೆಯೇ ಗಂಟುಮೂಟೆ ಕಟ್ಟುತ್ತದೆ. ಪ್ರಧಾನಿ ರಾಜೀನಾಮೆ ಕೊಟ್ಟರೆ ಇಡೀ ಮಂತ್ರಿಮಂಡಲ ಹೋಗುವುದು ಹೀಗೆಯೇ. ಹೋಲಿಕೆ ಮುರಿಯುವುದು ಒಂದೇ ಕಡೆ: ಅಪ್ಪ ತಮಗೆ ಹಿಡಿಸಿದ ಮೇಸ್ತ್ರಿಯನ್ನು ಕರೆಯಬಹುದು, ರಾಷ್ಟ್ರಪತಿ ಮಾತ್ರ ಲೋಕಸಭೆಯಲ್ಲಿ ಬಹುಮತವಿರುವವರನ್ನೇ ಕರೆಯಬೇಕು.

ಈ ವ್ಯತ್ಯಾಸ ಸಣ್ಣದಲ್ಲ ಎಂಬುದಕ್ಕೆ ಮೈಸೂರಿನ ಚರಿತ್ರೆಯೇ ಇದೆ. 1881ರಲ್ಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಆದರೆ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಸಭೆ ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಲು ಯಾವ ಚುನಾವಣೆಯನ್ನೂ ಗೆಲ್ಲಬೇಕಾಗಿರಲಿಲ್ಲ. 1947ರ ಮೈಸೂರು ಚಲೋ ಚಳವಳಿ ಕೇಳಿದ್ದೇ ಜವಾಬ್ದಾರಿ ಸರ್ಕಾರವನ್ನು, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರವನ್ನು. ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ನಾನು ಎಡವಿದ ಶೇ 15

ಸಚಿವರ ಸಂಖ್ಯೆಗೆ ಮಿತಿ ಹಾಕಿದ್ದು ಸಂವಿಧಾನದ 91ನೇ ತಿದ್ದುಪಡಿ, 2003. ಅದಕ್ಕೂ ಮೊದಲು ಸಂಖ್ಯೆಗೆ ಮಿತಿಯೇ ಇರಲಿಲ್ಲ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರದಲ್ಲಿ ತೊಂಬತ್ತಕ್ಕೂ ಹೆಚ್ಚು ಸಚಿವರಿದ್ದರು. ಈಗ ಮಿತಿ ಶೇ 15.

ಯಾವುದರ ಶೇ 15? ಎಡವಟ್ಟಾದದ್ದು ಇಲ್ಲಿ. ವಿಧಾನ ಪರಿಷತ್ತಿನ ಸದಸ್ಯರೂ ಸಚಿವರಾಗಬಹುದು ಎಂದು ಓದಿದ್ದೆ. ಆಗಬಹುದಾದ ಮೇಲೆ ಲೆಕ್ಕದಲ್ಲೂ ಅವರು ಇರಲೇಬೇಕು ಎಂದುಕೊಂಡೆ. ವಿಧಾನಸಭೆಯ 224, ಪರಿಷತ್ತಿನ 75, ಒಟ್ಟು 299. ಅದರ ಶೇ 15 ಎಂದರೆ 44.85. ‘ಮೀರಬಾರದು’ ಎಂದಿರುವುದರಿಂದ ದಶಾಂಶ ಬಿಟ್ಟು 44. ಲೆಕ್ಕದಲ್ಲಿ ಒಂದು ತಪ್ಪಿಲ್ಲ, ಬುಡವೇ ತಪ್ಪು.

164(1ಎ) ಹೇಳುವುದು ವಿಧಾನಸಭೆಯ ಒಟ್ಟು ಸದಸ್ಯರ ಶೇ 15. ಪರಿಷತ್ತಿನ ಹೆಸರೇ ಅಲ್ಲಿಲ್ಲ. 224ರ ಶೇ 15 ಎಂದರೆ 33.6. ಅಕ್ಷರಶಃ ಓದಿದರೆ 33 ಆಗಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ರೂಢಿಯಲ್ಲಿರುವುದು 34. ಪರೀಕ್ಷೆಯಲ್ಲಿ ರೂಢಿಯ ಜೊತೆ ಜಗಳ ಬೇಡ. 2023ರ ಮೇ 20ರಂದು ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಮತ್ತು ಎಂಟು ಸಚಿವರು ಪ್ರಮಾಣವಚನ ಸ್ವೀಕರಿಸಿದರು, ಮೇ 27ರಂದು ಇನ್ನೂ 24 ಮಂದಿ. ಕೂಡಿಸಿ ನೋಡಿ, 34.

ಅಂದರೆ ಪ್ರಶ್ನೆಗಳು ಎರಡು, ನಾನು ಅವನ್ನು ಒಂದು ಮಾಡಿದ್ದೆ. ಸಚಿವರಾಗಲು ಯಾರಿಗೆ ಅರ್ಹತೆ? ಎರಡೂ ಸದನದವರಿಗೆ. ಎಷ್ಟು ಮಂದಿ? ಕೆಳಮನೆಯಾದ ವಿಧಾನಸಭೆಯ ಲೆಕ್ಕದ ಮೇಲೆ ಮಾತ್ರ. ನೆನಪಿಗಾಗಿ ನಾನೇ ಹೊಸೆದುಕೊಂಡ ಎಳೆ ಒಂದಿದೆ: ಮಂತ್ರಿಮಂಡಲದ ಸಾಮೂಹಿಕ ಹೊಣೆಗಾರಿಕೆ ವಿಧಾನಸಭೆಗೆ ಮಾತ್ರ, ಸರ್ಕಾರವನ್ನು ಬೀಳಿಸಬಲ್ಲ ಮನೆ ಯಾವುದೋ ಎಣಿಕೆಯೂ ಆ ಮನೆಯದೇ. ಕೇಂದ್ರಕ್ಕೂ ಇದು ಒಪ್ಪುತ್ತದೆ. ಲೋಕಸಭೆಯ 543ರ ಶೇ 15 ಎಂದರೆ 81.45, ಹಾಗಾಗಿ 81. ರಾಜ್ಯಸಭೆಯ 245ನ್ನು ಸೇರಿಸಿದರೆ 118 ಬರುತ್ತದೆ. ಆಯ್ಕೆಗಳಲ್ಲಿ 118 ಕಂಡರೆ ಅದು ನನ್ನಂಥವರಿಗೆಂದೇ ಇಟ್ಟ ಗುಂಡಿ.

ಇನ್ನೊಂದು ಗುಂಡಿ, ಆಳುವ ಪಕ್ಷದ ಶಾಸಕರನ್ನು ಮಾತ್ರ ಎಣಿಸುವುದು. ‘ಒಟ್ಟು ಸದಸ್ಯರು’ ಎಂದರೆ ವಿರೋಧ ಪಕ್ಷದವರೂ ಸೇರಿ.

ರಾಜ್ಯಗಳಿಗೆ ಕೆಳಮಿತಿಯೂ ಇದೆ, ಮುಖ್ಯಮಂತ್ರಿ ಸೇರಿ 12. ಗೋವಾದ 40 ಸದಸ್ಯರಿಗೆ ಶೇ 15 ಎಂದರೆ ಆರೇ ಆಗುತ್ತದೆ, ಆದರೂ ಅಲ್ಲಿ 12. ದೆಹಲಿಯದು ಬೇರೆಯೇ ವಿಧಿ, 239ಎಎ: 70ರ ಶೇ 10, ಏಳು.

‘ರಾಜ್ಯ ಸಚಿವ’ ಎಂಬ ಪದ

ನಮ್ಮ ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿ 2024ರ ಜೂನ್ 9ರಂದು ಕೇಂದ್ರದಲ್ಲಿ ಸಂಪುಟ ದರ್ಜೆ ಸಚಿವರಾದರು. ಅದೇ ದಿನ ಶೋಭಾ ಕರಂದ್ಲಾಜೆ, ವಿ. ಸೋಮಣ್ಣ ರಾಜ್ಯ ಸಚಿವರಾದರು. ಪತ್ರಿಕೆಯಲ್ಲಿ ‘ಕೇಂದ್ರ ರಾಜ್ಯ ಸಚಿವ’ ಎಂದು ಓದಿ, ಇವರು ಕೇಂದ್ರದವರೋ ರಾಜ್ಯದವರೋ ಎಂದು ಬಹಳ ದಿನ ತಲೆ ಕೆರೆದುಕೊಂಡಿದ್ದೇನೆ. ಇಲ್ಲಿ ‘ರಾಜ್ಯ’ ಎಂದರೆ ಕರ್ನಾಟಕವಲ್ಲ, ಅದು ಬರೀ ದರ್ಜೆಯ ಹೆಸರು. ಸಂಪುಟ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗೆ. ಸ್ವತಂತ್ರ ಹೊಣೆ ಇದ್ದರೆ ಮೇಲೊಬ್ಬ ಸಚಿವರಿಲ್ಲದೆ ಖಾತೆ ನಡೆಸುತ್ತಾರೆ, ಇಲ್ಲದಿದ್ದರೆ ಸಂಪುಟ ಸಚಿವರ ಕೈಕೆಳಗೆ.

ಎಲ್ಲ ದರ್ಜೆಯವರೂ ಸೇರಿದರೆ ಮಂತ್ರಿಮಂಡಲ, ಮೇಲಿನ ದರ್ಜೆಯವರು ಮಾತ್ರವಾದರೆ ಸಂಪುಟ. ಶೇ 15ರ ಮಿತಿ ಇಡೀ ಮಂತ್ರಿಮಂಡಲಕ್ಕೆ. ‘ಸಂಪುಟ’ ಎಂಬುದು ಸಂವಿಧಾನದೊಳಕ್ಕೆ ಬಂದದ್ದೇ 1978ರ 44ನೇ ತಿದ್ದುಪಡಿಯಿಂದ, ಅದೂ ತುರ್ತು ಪರಿಸ್ಥಿತಿಯ 352ನೇ ವಿಧಿಯಲ್ಲಿ.

ಸದಸ್ಯರಲ್ಲದವರು

ಯಾವ ಸದನದಲ್ಲೂ ಇಲ್ಲದವರೂ ಸಚಿವರಾಗಬಹುದು, ಆದರೆ ಆರು ತಿಂಗಳು ಮಾತ್ರ ಸಮಯ. ಅಷ್ಟರಲ್ಲಿ ಯಾವುದಾದರೂ ಒಂದು ಸದನಕ್ಕೆ ಬರದಿದ್ದರೆ ಸ್ಥಾನ ಹೋಗುತ್ತದೆ. 1996ರ ಜೂನ್ 1ರಂದು ಪ್ರಧಾನಿಯಾದಾಗ ಎಚ್.ಡಿ. ದೇವೇಗೌಡರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಆಮೇಲೆ ರಾಜ್ಯಸಭೆಗೆ ಬಂದರು. 2019ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಸಚಿವರಾದ ಲಕ್ಷ್ಮಣ ಸವದಿ 2020ರ ಫೆಬ್ರವರಿಯಲ್ಲಿ ಪರಿಷತ್ತಿಗೆ ಆಯ್ಕೆಯಾದರು. ಆರು ತಿಂಗಳು ಮುಗಿಯುವಾಗ ರಾಜೀನಾಮೆ ಕೊಟ್ಟು, ಗೆಲ್ಲದೆಯೇ ಮತ್ತೆ ಪ್ರಮಾಣ ಮಾಡಿದರಾಯಿತು ಎನ್ನುವ ಜಾಣತನಕ್ಕೆ 2001ರಲ್ಲಿ ಎಸ್.ಆರ್. ಚೌಧುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ಮುಚ್ಚಿತು.

ಅಪ್ಪನ ಪ್ರಶ್ನೆ

ಇದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ ಜಗಲಿಯಲ್ಲಿ ಕುಳಿತಿದ್ದ ಅಪ್ಪ ಕೇಳಿದರು: “ಅಲ್ಲವ್ವ, ನಮ್ಮ ಜಿಲ್ಲೆಗೆ ಎಷ್ಟು ಮಂತ್ರಿ ಎಂದು ಅದರಲ್ಲಿ ಬರೆದಿಲ್ಲವೇ?”

ಬರೆದಿಲ್ಲ. ಜಿಲ್ಲೆ, ಜಾತಿ, ಹಿರಿತನ, ಮಿತ್ರಪಕ್ಷದ ಪಾಲು, ಪಟ್ಟಿ ಹಿಡಿದು ದೆಹಲಿಗೆ ಹೋಗಿ ಹೈಕಮಾಂಡ್ ಮುಂದೆ ಕಾಯುವುದು, ಇದು ಯಾವುದೂ ಸಂವಿಧಾನದಲ್ಲಿಲ್ಲ. ನಿಜವಾದ ಆಯ್ಕೆ ಆಗುವುದು ಮಾತ್ರ ಅಲ್ಲೇ. ಇಂಥ ಸಚಿವರು ಇರಲೇಬೇಕು ಎಂದು 164ನೇ ವಿಧಿ ಹೇಳುವುದು ಒಂದೇ ವಿಷಯಕ್ಕೆ: ಛತ್ತೀಸಗಡ, ಜಾರ್ಖಂಡ್, ಮಧ್ಯಪ್ರದೇಶ, ಒಡಿಶಾಗಳಲ್ಲಿ ಬುಡಕಟ್ಟು ಕಲ್ಯಾಣಕ್ಕೆ ಒಬ್ಬ ಸಚಿವರು.

“ಉಪಮುಖ್ಯಮಂತ್ರಿ?” ಎಂದರು ಅಪ್ಪ. ಅದೂ ಇಲ್ಲ. 1989ರಲ್ಲಿ ದೇವಿಲಾಲ್ ‘ಉಪಪ್ರಧಾನಿ’ ಎಂದೇ ಪ್ರಮಾಣ ಮಾಡಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಬರೀ ವಿಶೇಷಣ, ಕಾನೂನಿನ ಕಣ್ಣಿಗೆ ಅವರೂ ಒಬ್ಬ ಸಚಿವರು ಅಷ್ಟೇ ಎಂದಾಯಿತು.

“ದಸರಾ ಬಂದರೆ ಸಭೆ ಮಾಡುತ್ತಾರಲ್ಲ, ಆ ಉಸ್ತುವಾರಿ ಮಂತ್ರಿ?”

163, 164 ಎರಡನ್ನೂ ತಿರುವಿ ಹಾಕಿದೆ. ಆ ಪದ ಸಿಗಲಿಲ್ಲ. ಅಪ್ಪ ನಕ್ಕು, ಗದ್ದೆಗೆ ನೀರು ತಿರುಗಿಸಲು ಗುದ್ದಲಿ ಎತ್ತಿಕೊಂಡು ಹೊರಟರು.